ಕತಿ ಮುಂದ ಹೋಗೂದಿಲ್ಲ, ಮಂದಿ ಅಷ್ಟ ಅದಾರ: ಇಂಥಾ ಕಾದಂಬರಿ ಹೆಂಗ ಓದೂದು?

ಗುಮ್ಮಟದ ಪಿಸುಮಾತು (ವಿಜಯಪುರ)
ನಮ್ಮ ಓದುಗರ ಬಳಗದಾಗ ಜಗಳ ಹತ್ಯದ, ತೀರ್ಪು ಕೊಡ್ರಿ. ಸಾಲಾಗಿ ಮೂರು ಕಾದಂಬರಿ ತಗೊಂಡಿದ್ವಿ. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’, ಯಶವಂತ ಚಿತ್ತಾಲರ ‘ಶಿಕಾರಿ’, ವಿವೇಕ ಶಾನಭಾಗರ ‘ಸಕೀನಾಳ ಮುತ್ತು’. ಮೂರೂ ಘಟನಾಕ್ಕಿಂತ ಮನಷ್ಯಾನ ಮ್ಯಾಲೆ ನಿಂತಾವು.

ನನ್ನ ಅನಿಸಿಕಿ ಹೇಳಿಬಿಡ್ತೀನಿ. ಗಂಗವ್ವ ಭಾಳ ಹಿಡಿಸ್ತು. ರಾಘಪ್ಪನ ಮ್ಯಾಲೆ ಸಿಟ್ಟು ಬರ್ತದ, ಆದ್ರ ಅಂವ ಇಲ್ಲದ ಪುಟ ಸಪ್ಪಗ. ಶಿಕಾರಿ ಅರ್ಧಾ ಮಂದಿ ನೂರು ಪುಟದೊಳಗ ಕೈಬಿಟ್ರು. ‘ನಾಗಪ್ಪ ವಿಚಾರ ಮಾಡ್ತಾನ, ಮಾಡ್ತಾನ, ಮತ್ತ ಮಾಡ್ತಾನ’ ಅಂತ ದೂರು. ಸಕೀನಾ ಎಲ್ಲಾರೂ ಮುಗಿಸಿದ್ರು, ಆದ್ರ ಕಡೀಕ ವೆಂಕಟ ಒಳ್ಳ್ಯಾಂವೋ ಕೆಟ್ಟಾಂವೋ ಅಂತ ಎರಡು ಪಾರ್ಟಿ ಆಗ್ಯಾವ. ಇಂಥಾ ಪುಸ್ತಕ ಓದೂ ರೀತಿ ಬ್ಯಾರೆ ಅದನೋ, ಇಲ್ಲಾ ನಮಗ ತಾಳ್ಮಿ ಇಲ್ಲೋ?

ಸಿಂದಗಿ ಸುಂಟರಗಾಳಿ
ಕತಿ ಇಲ್ಲಂದ ಮ್ಯಾಲೆ ಅದು ಕಾದಂಬರಿ ಹೆಂಗಾತ್ರೀ? ‘ಮುಂದ ಏನಾತು’ ಅನ್ನಿಸದಿದ್ರ ಬರದಾಂವನ ತಪ್ಪು, ಓದಾಂವನದಲ್ಲ. ತಾಳ್ಮಿ ಗೀಳ್ಮಿ ಎಲ್ಲಾ ವಿಮರ್ಶಕರು ಹಬ್ಬಿಸಿದ್ದು.

ಟಿಳಕವಾಡಿ ಓದುಗ (ಬೆಳಗಾವಿ)
ಶಿಕಾರಿಯಲ್ಲಿ ಕತೆ ಇಲ್ಲ ಅನ್ನುವುದು ಸರಿಯಲ್ಲ. ಕತೆ ಶುರುವಿನಲ್ಲೇ ಆಗಿಹೋಗಿದೆ, ಓದುಗರು ಎಡವುವುದು ಅಲ್ಲೇ. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಸಸ್ಪೆಂಡ್ ಮಾಡಿದ್ದಾರೆ. ಆರೋಪ ಏನು ಅಂತ ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ನಾವು ಓದುವುದು ಅವನ ಊಹೆಗಳನ್ನು. ‘ಆರೋಪ ಏನು, ಯಾರು ಮಾಡಿಸಿದ್ದು’ ಎಂದು ಪತ್ತೇದಾರಿ ಪುಸ್ತಕ ಓದುವ ಹಾಗೆ ಕಾದು ಕೂತರೆ ನೂರನೇ ಪುಟಕ್ಕೆ ಸುಸ್ತಾಗುತ್ತದೆ.

ಒಂದು ಉಪಾಯ ಹೇಳುತ್ತೇನೆ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಾಗಪ್ಪ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಬಲಕ್ಕೆ ಅವನೇ ಕಲ್ಪಿಸಿಕೊಂಡದ್ದು. ಫಿರೋಜ್ ಬಂದೂಕ್‌ವಾಲಾ ಬಗ್ಗೆ, ಶ್ರೀನಿವಾಸನ ಬಗ್ಗೆ, ಅಂದರೆ ಅವನು ಅನುಮಾನಪಡುವವರ ಬಗ್ಗೆ, ಪ್ರತ್ಯೇಕ ಹಾಳೆ ಇಡಿ. ಅರ್ಧ ಪುಸ್ತಕ ಆಗುವಷ್ಟರಲ್ಲಿ ಬಲಗಡೆ ತುಂಬಿ ಹೋಗುತ್ತದೆ, ಎಡಗಡೆ ಖಾಲಿ ಹೊಡೆಯುತ್ತಿರುತ್ತದೆ. ಆಗ ಭಯ ಹುಟ್ಟುವುದು ಕಂಪನಿಯಿಂದಷ್ಟೇ ಅಲ್ಲ, ಇವನ ತಲೆಯೊಳಗಿಂದಲೂ ಅನ್ನುವುದು ತಾನಾಗಿ ಕಾಣುತ್ತದೆ.

ಇನ್ನೊಂದು, ದಿನಕ್ಕೆ ಹತ್ತು ಪುಟ ಓದುವ ಪುಸ್ತಕ ಅದಲ್ಲ. ಅವನ ಯೋಚನೆ ಸುತ್ತಿ ಸುತ್ತಿ ಬರುತ್ತದೆ, ನಡುವೆ ಎರಡು ದಿನ ಬಿಟ್ಟರೆ ಎಳೆ ಕೈತಪ್ಪುತ್ತದೆ. ಮೊದಲ ಅರವತ್ತು ಎಪ್ಪತ್ತು ಪುಟ ಒಂದೋ ಎರಡೋ ಕೂತಿಗೆಯಲ್ಲಿ ಮುಗಿಸಿಬಿಡಬೇಕು.

ಮಗ್ಗದ ಮಾತು (ಬನಹಟ್ಟಿ)
ಗೆರಿ ಹೊಡದು ಕಾದಂಬರಿ ಓದಾಕ ನಾವೇನು ಆಡಿಟ್ ಮಾಡಾಕ ಕುಂತೇವೇನ್ರಿ ಸರ?

ಟಿಳಕವಾಡಿ ಓದುಗ
ನೂರನೇ ಪುಟಕ್ಕೆ ಕೈಬಿಟ್ಟವರಿಗೆ ಹೇಳಿದ್ದು. ಹಾಗೇ ಓಡಿಸಿಕೊಂಡು ಹೋಗುವವರಿಗೆ ಗೆರೆ ಬೇಡ.

ಇಳಕಲ್ ಸೆರಗು (ಬಾಗಲಕೋಟಿ ಜಿಲ್ಲಾ)
ಕಾಲಂ ಗೀಲಂ ಬ್ಯಾಡ. ಮೂರು ಪ್ರಶ್ನೆ ಸಾಕು. ಮನ್ಯಾಗ ರೊಕ್ಕ ಯಾರ ಕೈಯಾಗ ಐತಿ? ಮೊದಲ ಯಾರು ಉಣ್ಣತಾರ? ಯಾರ ಮಾತು ಅರ್ಧಕ್ಕ ನಿಲ್ಲತೈತಿ?

‘ಗೃಹಭಂಗ’ ತಗೋರಿ. ನಂಜಮ್ಮನ್ನ ‘ಪಾಪದಾಕಿ, ಕಷ್ಟ ಉಂಡಾಕಿ’ ಅಂತ ಓದವರ ಜಾಸ್ತಿ. ಅಕಿ ಏನೇನ್ ಮಾಡತಾಳ ಅಂತ ಸುಮ್ಮ ಲೆಕ್ಕ ಹಾಕ್ರಿ. ಶಾನುಭೋಗಕಿ ಗಂಡಂದು, ಲೆಕ್ಕದ ಪುಸ್ತಕ ಬರಿಯಾಕಿ ಇಕಿ. ಮುತ್ತುಗದ ಎಲಿ ಹಚ್ಚಿ ಮಾರಿ ಸಂಸಾರ ತೂಗಸಾಕಿ ಇಕಿ. ಗಂಡ ಚೆನ್ನಿಗರಾಯ ಎದಕ್ಕ ಅದಾನ? ಉಣ್ಣಾಕ. ಆ ಮನ್ಯಾಗ ಇಬ್ಬರ ಗುಣಾನೂ ಎಲಿ ಮ್ಯಾಲೇ ತಿಳೀತೈತಿ: ಒಬ್ಬಾಕಿ ಎಲಿ ಹಚ್ಚತಾಳ, ಒಬ್ಬಾಂವ ಎಲಿ ಮುಂದ ಕುಂದರತಾನ. ಭೈರಪ್ಪನವರು ‘ಅಂವ ಆಲಸಿ’ ಅಂತ ನಾಕು ಪುಟ ಬರದಿದ್ರೂ ಇಷ್ಟು ನಾಟತಿರಲಿಲ್ಲ.

ನಂಜಮ್ಮನ ಅತ್ತಿ ಗಂಗಮ್ಮನ ಬೈಗಳ ಓದಿ ನಗತಾರಲ್ಲ ಮಂದಿ, ಅದರಾಗೂ ಒಂದು ಹಿಕಮತ್ತು ಐತಿ. ಆ ಮುದುಕಿಗೆ ಬೈಯೂದು ಬಿಟ್ಟರ ಬ್ಯಾರೆ ಮಾತೇ ಬರೂದಿಲ್ಲ. ಬೈಗಳ ಇಲ್ಲದ ಒಂದ ಮಾತು ಅಕಿ ಬಾಯಾಗ ಎಲ್ಲಿ ಬರತೈತಿ ಹುಡುಕ್ರಿ, ಅಲ್ಲಿ ಪುಸ್ತಕ ಹಿಡಕೊಂಡು ನಿಲ್ಲರಿ.

ಅಥಣಿ ಹುಡುಗಿ
ಅಕ್ಕಾರ ಇದು ಅಗದೀ ಬರೋಬ್ಬರಿ. ಆದ್ರ ನಂಜಮ್ಮಗ ಸಾವಿನ ಮ್ಯಾಲೆ ಸಾವು ಬರತಾವಲ್ಲ, ಪ್ಲೇಗಿನಾಗ ಮಕ್ಕಳು ಹೋಗೂದು... ಅಲ್ಲಿ ಪಾತ್ರಕ್ಕಿಂತ ಲೇಖಕರ ಕೈ ಜಾಸ್ತಿ ಕಾಣಸ್ತು ನನಗ. ಓದಾಂವನ್ನ ಅಳಸಾಕನ ನಿಂತಾರೇನೋ ಅನ್ನೂವಂಗ.

ಇಳಕಲ್ ಸೆರಗು
ಆಗಿನ ಕಾಲದಾಗ ಪ್ಲೇಗ್ ಬಂದರ ಊರ ಬಿಟ್ಟು ಅಡವ್ಯಾಗ ಗುಡಸಲಾ ಹಾಕತಿದ್ರವ್ವ. ಒಂದ ಮನ್ಯಾಗ ಇಬ್ಬರು ಮೂವರು ಸಾಯೂದು ಬರದಾರ ಕೈಚಳಕ ಅಲ್ಲ, ಆವತ್ತಿನ ಬಾಳೇನ ಹಂಗಿತ್ತು.

ಸಿಂದಗಿ ಸುಂಟರಗಾಳಿ
ನೋಡ್ರಿ, ಸತ್ತರು ಹುಟ್ಟಿದರು ಅಂದ್ರ ಕತಿ ಅದ ಅಂತಾತು. ಅದಕ್ಕ ಗೃಹಭಂಗ ಮಂದಿ ಮುಗಸ್ತಾರ, ಶಿಕಾರಿ ಮುಗಸೂದಿಲ್ಲ. ನಾ ಹೇಳಿದ್ದೇ ಖರೇ ಆತು.

ಘಟಪ್ರಭಾ ದಂಡಿ (ಗೋಕಾಕ)
ಸುಂಟರಗಾಳಿ ಅಣ್ಣಾರ, ಸ್ವಲ್ಪ ತಡೀರಿ. ರಾಘಪ್ಪನ ಕಡೆ ಬರ್ತೀನಿ, ಮೂಲ ಪ್ರಶ್ನೆ ಅಲ್ಲೇ ಇತ್ತು.

‘ಗಂಗವ್ವ ಗಂಗಾಮಾಯಿ’ 1956ರದು. ಒಳಗಿನ ವ್ಯವಹಾರ ಸಣ್ಣದು. ಗಂಗವ್ವ ವಿಧವೆ, ಒಬ್ಬನೇ ಮಗ ಕಿಟ್ಟಿ. ಕಿಟ್ಟಿಯ ಸೋದರಮಾವ ರಾಘಪ್ಪನಿಗೆ ತನ್ನ ಮಗಳು ರತ್ನಾಳನ್ನ ಕಿಟ್ಟಿಗೆ ಕೊಡಬೇಕು ಅಂತ, ಗಂಗವ್ವನಿಗೆ ಅದು ಬ್ಯಾಡ. ಇಷ್ಟರ ಮ್ಯಾಲೆ ಇಡೀ ಕಾದಂಬರಿ ನಿಂತೈತಿ. ನಮ್ಮ ಕಡೆ ಸೋದರಮಾವನ ಮಗಳು ಅಂದ್ರ ಹಕ್ಕಿನ ಸಂಬಂಧ, ಬ್ಯಾಡ ಅಂದ್ರ ಅದೊಂದು ಅವಮಾನ. ಈ ಲೆಕ್ಕ ಗೊತ್ತಿದ್ದ ಓದುಗಗ ರಾಘಪ್ಪ ಬರೇ ಖಳನಾಯಕ ಆಗಿ ಉಳಿಯೂದಿಲ್ಲ. ಅವನ ಸೇಡೂ ಮಗಳ ಮ್ಯಾಲಿನ ಕಾಳಜೀನೂ ಹೆಣಕೊಂಡಾವು, ಬಿಡಿಸಾಕ ಹೋದ್ರ ಎರಡೂ ಹರೀತಾವು.

ಇಲ್ಲಿ ಓದುಗರು ಮಾಡೂ ತಪ್ಪು ಏನಂದ್ರ, ಮೊದಲ ಐವತ್ತು ಪುಟದಾಗ ‘ಇವರು ನಮ್ಮವರು, ಅವರು ಆ ಕಡೆಯವರು’ ಅಂತ ಪಾಲು ಮಾಡಿಬಿಡತಾರ. ಆಮ್ಯಾಲ ಗಂಗವ್ವನ ಮಮತಾದಾಗ ಇರೂ ಹಟ ಕಾಣೂದಿಲ್ಲ. ಮಗನ್ನ ಪ್ರೀತಿ ಮಾಡೂದಕ್ಕೂ ಮಗನ್ನ ಮುಷ್ಟಿಯೊಳಗ ಇಟ್ಟುಕೊಳ್ಳೂದಕ್ಕೂ ನಡುವ ಗೆರಿ ಎಲ್ಲೈತಿ? ಗಂಗವ್ವ ಮಾತಾಡೂ ಪುಟಗಳನ್ನ ಕಿಟ್ಟಿಯ ಕಿವಿಯಿಂದ ಒಮ್ಮೆ ಓದಿ ನೋಡ್ರಿ.

ಬಾದಾಮಿ ಬಂಡಿ
ಆ ಪುಸ್ತಕಕ್ಕ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿನೂ ಬಂದೈತಿ ಅಲ್ರಿ?

ಘಟಪ್ರಭಾ ದಂಡಿ
ಇಲ್ಲರೀ. ಪುಣೇಕರರಿಗೆ ಅಕಾಡೆಮಿ ಬಂದದ್ದು ‘ಅವಧೇಶ್ವರಿ’ಗೆ, 1988ರಾಗ. ಅದು ವೇದಕಾಲದ ಕತಿ, ಇದರ ಜೋಡಿ ಹೋಲಿಸಿದ್ರ ಒಬ್ಬರೇ ಬರದಾರೇನು ಅನ್ನಿಸಬೇಕು.

ಗುಮ್ಮಟದ ಪಿಸುಮಾತು
ಕಿಟ್ಟಿ ಕಿವಿಯಿಂದ ಓದೂದು... ಇದು ಛಲೋ ಅದ, ನಾಳೆ ಬಳಗಕ್ಕ ಹೇಳ್ತೀನಿ. ಗಂಗವ್ವನ ಪಾರ್ಟಿಯವರು ಬಡದಾಡ್ತಾರ.

ವೆಂಕಟನ ಸುದ್ದಿ ಯಾರೂ ಎತ್ತಲಿಲ್ಲಲ್ಲ?

ಅಥಣಿ ಹುಡುಗಿ
ನಾ ಎತ್ತತೀನಿ. ಸಕೀನಾ ಓದೂ ಮೊದಲ ಶಾನಭಾಗರದ ‘ಘಾಚರ್ ಘೋಚರ್’ ಓದಬೇಕು, 2013ರದು, ಒಂದ ಸಂಜಿಗೆ ಮುಗೀತೈತಿ. ಎರಡರಾಗೂ ಕತಿ ಹೇಳಾಂವ ಮನಿ ಗಂಡಸು, ನೋಡಾಕ ಸಭ್ಯ, ಯಾರಿಗೂ ಕೈ ಎತ್ತಾಂವ ಅಲ್ಲ. ಘಾಚರ್ ಘೋಚರ್‌ನಾಗ ಅವಗ ಹೆಸರೂ ಇಲ್ಲ. ಕಾಫಿ ಹೌಸಿನ್ಯಾಗ ಕುಂತು ವಿನ್ಸೆಂಟನ ಮುಂದ ಮನಸ್ಸು ಹಗುರ ಮಾಡಿಕೊಳ್ಳತಾನ.

ಆ ಬಾಗಲದ ಪ್ರಸಂಗ ನೆನಪ ಮಾಡಿಕೋರಿ. ಚಿಕ್ಕಪ್ಪನ್ನ ಹುಡುಕ್ಕೊಂತ ಒಬ್ಬ ಹೆಂಗಸು ಮಸೂರಬ್ಯಾಳಿ ಸಾರು ಮಾಡಿ ತಗೊಂಡು ಬರತಾಳ. ಮನಿ ಹೆಂಗಸರು ಅಕಿನ್ನ ಬೈದು ಓಡಸತಾರ. ಮನಿ ಗಂಡಸರು ಎಲ್ಲಿದ್ರು? ಮನ್ಯಾಗ ಇದ್ರು. ಚಿಕ್ಕಪ್ಪ ಹೊರಗ ಬರೂದಿಲ್ಲ. ಹೇಳಾಂವ ನಿಂತು ನೋಡತಾನ. ಅವನ ಹೆಂಡತಿ ಅನಿತಾ ಒಬ್ಬಾಕಿನ ಇದು ತಪ್ಪು ಅನ್ನಾಕಿ. ಪೆನ್ಸಿಲ್ ತಗೊಂಡು ಆ ಭಾಗದಾಗ ಹೇಳಾಂವ ತಾನ ಮಾಡಿದ ಕೆಲಸ ಯಾವ್ಯಾವು ಅಂತ ಗುರ್ತು ಹಾಕ್ರಿ. ನೋಡಿದೆ, ಅನ್ನಿಸಿತು, ಸುಮ್ಮನಾದೆ, ಇಂಥಾವ ಸಿಗತಾವು. ಪುಸ್ತಕ ಪೂರ್ತಿ ‘ನಾವು’ ‘ನಮ್ಮ ಮನೆಯವರು’ ಅನ್ನಾಂವ ಅಂವ. ‘ನಾನು ಮಾಡಿದೆ’ ಅನ್ನೂ ಜಾಗಾ ಬಂದ ಕೂಡಲೇ ಜಾರಿಕೊಳ್ಳತಾನ.

ಮಗ್ಗದ ಮಾತು
ಚಿಕ್ಕಪ್ಪನ ಪಾಪ ಇವನ ತಲಿಗೆ ಯಾಕ ಕಟ್ಟತಿ ತಂಗೀ? ಗಳಸಾಂವ ಅಂವ. ಮನಿ ತುಂಬ ಅವನ ಅನ್ನ ಉಣ್ಣಾರು.

ಅಥಣಿ ಹುಡುಗಿ
ಅದಕ್ಕ ಅಲ್ಲರಿ ಅಣ್ಣಾ. ಚಿಕ್ಕಪ್ಪನ ಕಂಪನಿ ಸೋನಾ ಮಸಾಲಾದ ರೊಕ್ಕ ಬಂದ ಮ್ಯಾಲೆ ಆ ಮನ್ಯಾಗ ಯಾರಿಗೂ ಚಿಕ್ಕಪ್ಪನ ಎದರಿಗೆ ಬಾಯಿಲ್ಲ. ಇಳಕಲ್ ಅಕ್ಕಾರ ಕೇಳಿದ ಮೊದಲನೇ ಪ್ರಶ್ನೆ ನೋಡ್ರಿ, ರೊಕ್ಕ ಯಾರ ಕೈಯಾಗ.

ಸಿಂದಗಿ ಸುಂಟರಗಾಳಿ
ಅನಿತಾಗ ಏನಾತು ಅಂತ ಕಡೀಕ ಹೇಳಂಗೇ ಇಲ್ಲ ಅಂವ. ರೊಕ್ಕ ಕೊಟ್ಟು ಪುಸ್ತಕ ತಗೊಂಡೀನಿ, ಕಡೀ ಪುಟ ನಾನ ಬರಕೋಬೇಕೇನು?

ಟಿಳಕವಾಡಿ ಓದುಗ
ಬರೆದುಕೊಳ್ಳಬೇಕಾಗಿಲ್ಲ. ಹಳೆಯ ಮನೆಯಲ್ಲಿ ಇರುವೆಗಳನ್ನು ಕೊಲ್ಲುವ ಭಾಗಕ್ಕೆ ವಾಪಸು ಹೋಗಿ. ಇಡೀ ಕುಟುಂಬ ಒಗ್ಗಟ್ಟಾಗಿ, ಬರಬರುತ್ತಾ ಖುಷಿಯಿಂದ, ಆ ಕೆಲಸ ಮಾಡುತ್ತದೆ. ಮೊದಲ ಓದಿನಲ್ಲಿ ಅದು ಬಡತನದ ದಿನಗಳ ತಮಾಷೆಯ ವಿವರ ಅನ್ನಿಸುತ್ತದೆ. ಕೊನೆಯ ಪುಟ ಮುಗಿಸಿ ಅದನ್ನು ಮತ್ತೆ ಓದಿದರೆ ತಮಾಷೆ ಅನ್ನಿಸುವುದಿಲ್ಲ. ಲೇಖಕ ಉತ್ತರವನ್ನು ಮುಂಚೆಯೇ ಇಟ್ಟಿದ್ದಾನೆ.

ಸಕೀನಾ ವಿಷಯ. ವೆಂಕಟ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಗಿರಾಕಿ. ಎಲ್ಲದಕ್ಕೂ ಅವನ ಹತ್ತಿರ ಒಂದು ಸೂತ್ರ ಇದೆ. ಮಗಳು ರೇಖಾಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲು ಬಡಿದಾಗ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಂದ ಅವನು ಹೆಂಡತಿ ವಿಜಿಯ ಬಗ್ಗೆ, ಮಗಳ ಬಗ್ಗೆ ಹೇಳುವುದನ್ನೆಲ್ಲ ಒಂದು ಚಿಟಿಕೆ ಅನುಮಾನದಿಂದಲೇ ಓದಬೇಕು. ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳಕ್ಕಿಂತ ಉಪಯುಕ್ತವಾದ ಪ್ರಶ್ನೆ: ಈ ಮಾತನ್ನು ವಿಜಿ ಹೇಳಿದ್ದರೆ ಹೇಗಿರುತ್ತಿತ್ತು? ಬಳಗದಲ್ಲಿ ಒಬ್ಬರು ಒಂದು ಪ್ರಸಂಗವನ್ನು ವಿಜಿಯ ಬಾಯಲ್ಲಿ ಹೇಳಿ ನೋಡಲಿ. ಐದು ನಿಮಿಷ ಸಾಕು. ಎರಡು ಪಾರ್ಟಿಗಳೂ ತಣ್ಣಗಾಗುತ್ತವೆ.

ಇಳಕಲ್ ಸೆರಗು
ತಣ್ಣಗ ಆಗೂದಿಲ್ಲ ಸರ್ರ, ಇನ್ನೂ ಜೋರ ಹತ್ತತೈತಿ. ಆದ್ರ ಛಲೋ ಜಗಳ.

ಬಾದಾಮಿ ಬಂಡಿ
ಎಲ್ಲಾ ಪ್ಯಾಟಿ ಕತಿ ಆತು. ನಮ್ಮ ಕಡೇವು? ರಾವಬಹಾದ್ದೂರರ ‘ಗ್ರಾಮಾಯಣ’ ಯಾರೂ ತಗೀವಲ್ಲರಿ.

ಘಟಪ್ರಭಾ ದಂಡಿ
1957ರ ಪುಸ್ತಕ, ಪಾದಳ್ಳಿ ಅಂತ ಒಂದು ಊರಿನ ಕತಿ. ಅದರಾಗ ನಾಯಕ ಯಾರು ಅಂತ ಹುಡುಕಾಕ ಹೋದವರು ಸುಸ್ತಾಗತಾರ, ಊರ ನಾಯಕ. ಹಂಗಾರ ಅದು ಪಾತ್ರಪ್ರಧಾನ ಹೌದೋ ಅಲ್ಲೋ ಅನ್ನೂದು ವಾದದ ಮಾತು. ನನ್ನ ಮಟ್ಟಿಗೆ ಹೌದು. ಒಬ್ಬ ಮನಷ್ಯಾ ಹೆಂಗ ಕೆಡತಾನೋ ಹಂಗ ಊರೂ ಕೆಡತೈತಿ, ಅದನ್ನ ಅವರು ಹೆಜ್ಜಿ ಹೆಜ್ಜಿಗೆ ತೋರಿಸ್ಯಾರ.

ಓದೂ ರೀತಿ ಮಾತ್ರ ಬ್ಯಾರೆ. ಭಾಳ ಮಂದಿ ಬರತಾರ. ಹೆಸರಿನ ಚೀಟಿ ಇಲ್ಲಂದ್ರ ಯಾರು ಯಾರ ಕಡೆಯವರು ಅನ್ನೂದು ಮರೀತೈತಿ.

ಟಿಳಕವಾಡಿ ಓದುಗ
ಚೀಟಿ ಬರೆಯುವಾಗ ಒಂದು ಮಾತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದವರು ಹೆಸರುಗಳನ್ನು ಬಂದ ಕ್ರಮದಲ್ಲಿ ಬರೆಯುತ್ತಾ ಹೋಗುತ್ತಾರೆ, ಮೂವತ್ತನೇ ಹೆಸರಿಗೆ ಚೀಟಿ ಕೆಲಸಕ್ಕೆ ಬಾರದಂತಾಗುತ್ತದೆ. ಮನೆ ಪ್ರಕಾರ ಬರೆಯಬೇಕು. ಹಳೆಮನೆಯಲ್ಲಿ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿಯಲ್ಲಿ ಭರಮೈಹೆಗ್ಗಡೆ, ಬೆಟ್ಟಳ್ಳಿಯಲ್ಲಿ ಕಲ್ಲಯ್ಯಗೌಡ, ಕೋಣೂರಿನಲ್ಲಿ ಮುಕುಂದಯ್ಯ, ಹೂವಳ್ಳಿಯಲ್ಲಿ ಚಿನ್ನಮ್ಮ. ಪ್ರತಿ ಮನೆಯ ಕೆಳಗೆ ಅಲ್ಲಿನ ಆಳುಗಳು. ಗುತ್ತಿ ಸಿಂಬಾವಿಯ ಆಳು, ಅವನು ಹಾರಿಸಿಕೊಂಡು ಹೋಗುವ ತಿಮ್ಮಿ ಬೆಟ್ಟಳ್ಳಿಯವಳು. ಇಷ್ಟು ಗೊತ್ತಿದ್ದರೆ ಅವರಿಬ್ಬರು ಓಡಿದ್ದಕ್ಕೆ ಎರಡು ಮನೆಗಳ ನಡುವೆ ಯಾಕೆ ಬೆಂಕಿ ಹತ್ತುತ್ತದೆ ಅನ್ನುವುದು ಕೇಳದೆ ತಿಳಿಯುತ್ತದೆ. ಚೀಟಿಯಲ್ಲಿ ಗುತ್ತಿಯ ನಾಯಿ ‘ಹುಲಿಯ’ನಿಗೂ ಒಂದು ಸಾಲು ಬಿಡಿ.

ಮಗ್ಗದ ಮಾತು
ಹುಲಿಯಾನ ಸುದ್ದಿ ತಗೀಬ್ಯಾಡ್ರಿ. ಆ ಹೊಳಿ ಪ್ರಸಂಗ ಒಮ್ಮೆ ಓದಿದ್ದು ಸಾಕಾಗೇತಿ.

ಅಥಣಿ ಹುಡುಗಿ
ನಮ್ಮ ಬೆಳಗಾವಿ ಜಿಲ್ಲಾದ ಕಂಬಾರರನ್ನ ಬಿಟ್ರಲ್ಲ! ‘ಸಿಂಗಾರೆವ್ವ ಮತ್ತು ಅರಮನೆ’. ಸಿಂಗಾರೆವ್ವನ ಕತಿ ಸಿಂಗಾರೆವ್ವ ಹೇಳೂದಿಲ್ಲ, ಜೋಡಿ ಇದ್ದ ಶೀನಿಂಗವ್ವ ಹೇಳತಾಳ. ಅಕಿ ಗಂಡ ಸರಗಂ ದೇಸಾಯಿ ಅಂದ್ರ ನಗಬೇಕೋ ಅಳಬೇಕೋ ತಿಳಿಯೂದಿಲ್ಲ.

ಘಟಪ್ರಭಾ ದಂಡಿ
ಅಲ್ಲೇ ಒಂದು ಸೂಕ್ಷ್ಮ ಐತಿ. ಶೀನಿಂಗವ್ವ ಇಲ್ಲದ ಕೋಣ್ಯಾಗ ನಡದ ಮಾತನ್ನೂ ಶೀನಿಂಗವ್ವ ಹೇಳತಾಳ. ಹೆಂಗ ಗೊತ್ತಾತು? ಸಿಂಗಾರೆವ್ವ ಹೇಳಿರಬೇಕು, ಕದ್ದು ಕೇಳಿರಬೇಕು, ಇಲ್ಲಾ ತಾನ ಕೂಡಿಸಿರಬೇಕು. ಇಂಥಾ ಕಡೆ ಅಂಚಿನ್ಯಾಗ ಒಂದು ಚುಕ್ಕಿ ಇಡ್ರಿ. ಚುಕ್ಕಿ ಜಾಸ್ತಿ ಬಿದ್ದಂಗ ಶೀನಿಂಗವ್ವನೂ ಒಂದು ದೊಡ್ಡ ಪಾತ್ರ ಅನ್ನೂದು ಕಾಣತೈತಿ. ಅರಮನಿ ಹಾಳಾತು, ಅದರ ಕತಿ ಮಾತ್ರ ಆಳಿನ ಕೈಯಾಗ ಉಳೀತು.

ಸಿನಿಮಾ ನೋಡಿ ಬಂದವರು ಬಳಗದಾಗ ಇದ್ರ ಮೊದಲ ಹೇಳಿಬಿಡ್ರಿ, ಸಿನಿಮಾದ ಮಾತು ಪುಸ್ತಕದ ಹೊತ್ತಿನ್ಯಾಗ ಬ್ಯಾಡ ಅಂತ. ಅದೊಂದು ಶುರು ಆತಂದ್ರ ಪುಸ್ತಕ ಅಲ್ಲಿಗೇ ಮುಗೀತು.

ಬಾದಾಮಿ ಬಂಡಿ
ಬಸವರಾಜ ಕಟ್ಟೀಮನಿಯವರು? 1980ರಾಗ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕ ಅವರ ಅಧ್ಯಕ್ಷರಾಗಿದ್ರು. ಗೋಕಾಕ ತಾಲೂಕಿನ ಮಲಾಮರಡಿಯವರು.

ಇಳಕಲ್ ಸೆರಗು
ಕಟ್ಟೀಮನಿಯವರ ಬಿರಸು ನನಗ ಸೇರತೈತಿ, ಆದ್ರ ಅವರ ಮಂದಿ ಒಮ್ಮೊಮ್ಮೆ ಭಾಷಣ ಮಾಡಾಕ ನಿಲ್ಲತಾರ. ಯಾರು ಶೋಷಕ ಯಾರು ಶೋಷಿತ ಅಂತ ಮೊದಲ ಪುಟದಾಗ ತೀರ್ಮಾನ ಆಗಿರತೈತಿ.

ಬಾದಾಮಿ ಬಂಡಿ
‘ಮಾಡಿ ಮಡಿದವರು’ ಓದ್ರಿ ಅಕ್ಕಾರ, 1942ರ ಚಳವಳಿ. ಹಳ್ಳಿ ಹುಡುಗರು ತಂತಿ ಕಡಿಯಾಕ ಹೋಗೂ ಕಾಲ ಅದು. ಆವಾಗ ಮಂದಿ ಹಂಗ ಮಾತಾಡತಿದ್ರು. ಹೊರಗ ಬೆಂಕಿ ಹತ್ತಿದಾಗ ಒಳಗ ಕುಂತು ನಾಗಪ್ಪನಂಗ ವಿಚಾರ ಮಾಡೂ ಪಾತ್ರ ಎಲ್ಲಿಂದ ತರೂದು?

ಇಳಕಲ್ ಸೆರಗು
ದೇವನೂರ ಮಹಾದೇವರ ‘ಒಡಲಾಳ’ದಾಗ ಸಾಕವ್ವ ಭಾಷಣ ಮಾಡತಾಳೇನು? ಅಕಿ ಕಳದ ಹುಂಜ ಹುಡುಕತಾಳ ಅಷ್ಟ. ರಾತ್ರಿ ಮನಿ ಮಂದಿ ಎಲ್ಲಾ ಕುಂತು ಕಳವಿನ ಕಡ್ಲೆಕಾಯಿ ಸುಲದು ತಿಂತಾರ, ಗೌರಿ ಗ್ವಾಡಿ ಮ್ಯಾಲೆ ನವಿಲು ಬರೀತಾಳ, ಆಮ್ಯಾಲ ಪೊಲೀಸರು ಬರತಾರ. ಅಷ್ಟು ಸಣ್ಣ ಪುಸ್ತಕದಾಗ ಬಡತನ, ಜಾತಿ, ಪೊಲೀಸು ಎಲ್ಲಾ ಬಂತು, ಒಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಬಾದಾಮಿ ಬಂಡಿ
ಎರಡೂ ಬೇಕ್ರೀ. ನಾ ಇದರಾಗ ಸೋಲಂವ ಅಲ್ಲ.

ಗುಮ್ಮಟದ ಪಿಸುಮಾತು
ಒಡಲಾಳದ ಭಾಷಾ ನಮ್ಮ ಮಂದಿಗೆ ತ್ರಾಸ ಆಗ್ತದ. ದೇವನೂರರದ ‘ಕುಸುಮಬಾಲೆ’ ಅಂತೂ ಎರಡ ಪುಟಕ್ಕ ಇಟ್ಟುಬಿಟ್ರು. ಮೈಸೂರು ಕಡೆ ಮಾತು, ಹೆಂಗ ದಾಟೂದು?

ಟಿಳಕವಾಡಿ ಓದುಗ
ಕಣ್ಣಿನಿಂದ ಓದಬೇಡಿ, ಬಾಯಿಬಿಟ್ಟು ಓದಿ. ನಂಜನಗೂಡಿನ ಕಡೆಯ ಮಾತಿನಲ್ಲಿ ಅಕ್ಷರ ನುಂಗುವುದು ಜಾಸ್ತಿ. ಕಣ್ಣಿಗೆ ಅಪರಿಚಿತ ಅನ್ನಿಸಿದ್ದು ಕಿವಿಗೆ ಬಿದ್ದಾಗ ಅರ್ಧಕ್ಕಿಂತ ಹೆಚ್ಚು ಹತ್ತಿರದ ಮಾತೇ ಆಗಿರುತ್ತದೆ. ಒಬ್ಬರು ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಮೊದಲ ಐದಾರು ಪುಟ ಅರ್ಥ ಹುಡುಕುತ್ತಾ ನಿಲ್ಲಬಾರದು, ನಿಂತರೆ ಲಯ ಮುರಿಯುತ್ತದೆ. ಮೊದಲಿಗೆ ಒಡಲಾಳ, ಆಮೇಲೆ ಕುಸುಮಬಾಲೆ. ಉಲ್ಟಾ ಮಾಡಿದವರೇ ಕೈಬಿಡುವುದು. ಅತ್ತ ಮೈಸೂರಿನ ಓದುಗರಿಗೆ ಗಂಗವ್ವನ ಧಾರವಾಡ ಮಾತು ಇಷ್ಟೇ ಕಷ್ಟ, ಅವರಿಗೂ ಇದೇ ಮದ್ದು.

ಹಳೇ ಹಾಳಿ ಕಾಕಾ (ಜಮಖಂಡಿ)
ನೀವೆಲ್ಲಾ ಪಾತ್ರದ ಸುದ್ದಿ ಮಾತಾಡಾಕತ್ತೀರಿ, ಗ್ರಾಮಾಯಣದ ಹಳೇ ಪ್ರತಿ ಇದ್ದವರು ಮೊದಲ ಪುಸ್ತಕ ಉಳಿಸಿಕೊಳ್ಳರಿ. ಐವತ್ತು ಅರವತ್ತರ ದಶಕದ ಕಾಗದ ಕಂದ ತಿರಗಿ ಹಪ್ಪಳ ಆಗಿರತೈತಿ, ಮೂಲಿ ಮಡಚಿದ್ರ ಮೂಲಿ ಕೈಯಾಗ ಬರತೈತಿ. ಹರದ ಪುಟಕ್ಕ ಸೆಲೋಟೇಪ್ ಹಚ್ಚಬ್ಯಾಡ್ರಿ. ನಾಕೈದು ವರ್ಷಕ್ಕ ಟೇಪ್ ಉದರತೈತಿ, ಅಂಟು ಹಳದಿ ಕಲೆ ಆಗಿ ಹಾಳ್ಯಾಗ ಕುಂದರತೈತಿ, ಅಕ್ಷರಾನೂ ಹೋಗತಾವು.

ಮೈದಾ ಅಂಟು ಮಾಡ್ರಿ. ಒಂದು ಚಮಚ ಮೈದಾಕ್ಕ ಐದಾರು ಚಮಚ ನೀರು, ಗಂಟಿಲ್ಲದಂಗ ಕಲಸಿ ಸಣ್ಣ ಉರಿ ಮ್ಯಾಲೆ ಕೈ ಬಿಡದ ತಿರವಬೇಕು. ಬಿಳಿ ಹೋಗಿ ಹೊಳಪು ಬಂದ ಕೂಡಲೇ ಇಳಸ್ರಿ. ಹರದ ಜಾಗಾಕ್ಕ ತೆಳ್ಳನ ಟಿಶ್ಯೂ ಹಾಳಿ ಪಟ್ಟಿ, ಬ್ರಶ್‌ನಿಂದ ಅಗದೀ ತೆಳು ಅಂಟು. ಮ್ಯಾಲೆ ಕೆಳಗ ಪ್ಲಾಸ್ಟಿಕ್ ಹಾಳಿ ಇಟ್ಟು ಭಾರ ಹೇರಿ ರಾತ್ರಿಯೆಲ್ಲಾ ಬಿಡ್ರಿ. ಬೆನ್ನಿಗೆ ಫೆವಿಕಾಲ್ ಸುರದರ ಒಣಗಿ ಬಿರಸಾಗತೈತಿ, ಪುಸ್ತಕ ತಗದಾಗ ಬೆನ್ನು ಲಟಕ್ಕನ ಸೀಳತೈತಿ. ಹುಳ ಬರಬಾರದಂದ್ರ ಅಂಟಿನ್ಯಾಗ ಒಂದು ಚಿಟಿಕಿ ಮೈಲುತುತ್ತ ಹಾಕೂದು ಬೈಂಡಿಂಗಿನವರ ಹಳೇ ಪದ್ಧತಿ. ವಿಷ ಅದು, ಅಡಗಿ ಪಾತ್ರಿ ಮುಟ್ಟಸಬ್ಯಾಡ್ರಿ.

ಟಿಳಕವಾಡಿ ಓದುಗ
ಕಾಕಾ, ಉಳಿದದ್ದೆಲ್ಲ ಸರಿ. ಮೈಲುತುತ್ತ ಮಾತ್ರ ಹೊಸ ರಟ್ಟಿಗೆ ಇರಲಿ, ಹಳೆಯ ಹಾಳೆಗೆ ಬೇಡ. ಅದರಲ್ಲಿರುವುದು ತಾಮ್ರ. ಕಾಲ ಹೋದಂತೆ ಅದು ಕಾಗದವನ್ನೇ ತಿನ್ನುತ್ತದೆ. ಅಂಟು ಚೆನ್ನಾಗಿ ಒಣಗಿ, ಕಪಾಟಿಗೆ ಗಾಳಿಯಾಡಿದರೆ ಸಾಕು.

ಹಳೇ ಹಾಳಿ ಕಾಕಾ
ಗಾಳಿ ಆಡಿದ್ರ ಸಾಕು ಅನ್ನೂದು ಬೆಳಗಾವಿ ಮಳ್ಯಾಗ ನಡಿಯೂದಿಲ್ಲ ತಮ್ಮಾ. ಜಮಖಂಡಿ ಬಿಸಲಾಗ ನಡದೀತು.

ಅಥಣಿ ಹುಡುಗಿ
ಬೇವಿನ ಎಲಿ ಇಡೂದು?

ಹಳೇ ಹಾಳಿ ಕಾಕಾ
ಒಣಗಿಸಿ ಇಡ್ರಿ. ಹಸೀದು ಇಟ್ರ ಪಸೆ ಹಿಡದು ಬೂಷ್ಟ ಬರತೈತಿ. ಡಾಂಬರ ಗುಳಿಗಿ ಇಟ್ರ ಅರಿವ್ಯಾಗ ಕಟ್ಟಿ ಕಪಾಟದ ಮೂಲ್ಯಾಗ, ಹಾಳಿಗೆ ತಾಗಬಾರದು.

ಸಿಂದಗಿ ಸುಂಟರಗಾಳಿ
ಈಗ ನೋಡ್ರಿ ಇದರಾಗ ಕತಿ ಬಂತು! ಹುಳ ಬರತಾವು,ಬೂಷ್ಟ ಬರತದ, ಮುಂದ ಏನಾತು ಅನ್ನಿಸ್ತದ.

ಮಗ್ಗದ ಮಾತು
😄 ಸುಂಟರಗಾಳಿಗೆ ಬೂಷ್ಟಿನ ಮ್ಯಾಲೆ ಒಂದು ಕಾದಂಬರಿ ಬರಿಯಾಕ ಹಚ್ಚರಿ.

ಘಟಪ್ರಭಾ ದಂಡಿ
ಸುಂಟರಗಾಳಿಯವರಿಗೆ ಖರೇನ ಒಂದು ಪುಸ್ತಕ ಹೇಳತೀನಿ. ಕಾರಂತರ ‘ಅಳಿದ ಮೇಲೆ’. ಯಶವಂತರಾಯ ಅನ್ನಾಂವ ಮುಂಬಯಿಯೊಳಗ ಸತ್ತಾನ, ಅವನ ದಿನಚರಿ, ಚಿತ್ರ ಎಲ್ಲಾ ಹೇಳಾಂವನ ಕೈಗೆ ಬರತಾವು. ಅವನ ಸಂಬಂಧದ ಮಂದೀನ ಹುಡುಕ್ಕೊಂತ ಅಂವ ಊರೂರು ತಿರಗತಾನ. ಒಬ್ಬೊಬ್ಬರು ಒಂದೊಂದು ಯಶವಂತನ್ನ ಹೇಳತಾರ. ಮುಂದ ಯಾರು ಸಿಗತಾರ, ಏನ್ ಹೇಳತಾರ ಅನ್ನೂ ಕುತೂಹಲ ಇರತೈತಿ, ನಿಮಗ ಬೇಕಾದ ಓಟ ಅದರಾಗ ಐತಿ. ಜೋಡೀಗೆ, ಒಬ್ಬ ಮನಷ್ಯಾನ್ನ ಅವನಿವನ ಮಾತಿನಿಂದ ಹೆಂಗ ಕೂಡಿಸಬೇಕು ಅನ್ನೂದನ್ನ ಪುಸ್ತಕನ ಕಲಸತೈತಿ. ಅದಾದ ಮ್ಯಾಲೆ ಶಿಕಾರಿ ಹಿಡೀರಿ.

ಇನ್ನೂ ಸರಳ ಬೇಕಂದ್ರ ತೇಜಸ್ವಿಯವರ ‘ಕರ್ವಾಲೋ’. ಹಾರೂ ಓತಿ ನೆವ ಅಷ್ಟ, ಮಂದಣ್ಣನ್ನ ನೋಡ್ರಿ. ಊರವರ ಕಣ್ಣಾಗ ಅಂವ ಕೆಲಸಕ್ಕ ಬಾರದಾಂವ, ವಿಜ್ಞಾನಿ ಕರ್ವಾಲೋ ಕಣ್ಣಾಗ ಹುಟ್ಟಾ ವಿಜ್ಞಾನಿ. ಒಬ್ಬ ಪಾತ್ರ, ಎರಡು ಅಳತಿ.

ಸಿಂದಗಿ ಸುಂಟರಗಾಳಿ
ಕರ್ವಾಲೋ ಓದೀನಿ. ಅದು ಛಲೋ ಅದ. ಕತಿ ಅದಲ್ಲ ಅದರಾಗ.

ಇಳಕಲ್ ಸೆರಗು
ಹೆಂಗಸರು ಬರದದ್ದು ಒಂದೂ ಬರಲಿಲ್ಲ ಇಷ್ಟೊತ್ತು. ತ್ರಿವೇಣಿಯವರ ‘ಶರಪಂಜರ’ ಓದ್ರಿ. ಹಡದ ಮ್ಯಾಲೆ ಕಾವೇರಿಗೆ ಮನಸ್ಸು ಕೆಡತೈತಿ, ಆಸ್ಪತ್ರಿಯಿಂದ ಆರಾಮಾಗಿ ಬರತಾಳ. ಬಂದ ಮ್ಯಾಲೆ ಮನಿ ಮಂದಿ ಅಕಿನ್ನ ಹೆಂಗ ನೋಡತಾರ ಅನ್ನೂದ ಕಾದಂಬರಿ. ಅಕಿ ಜೋರ ಮಾತಾಡಿದ್ರೂ ಹುಚ್ಚು, ಸುಮ್ಮ ಕುಂತ್ರೂ ಹುಚ್ಚು. ಸುತ್ತಲಿನವರ ನೋಟದಾಗ ಒಂದು ಪಾತ್ರ ಹೆಂಗ ಸಿಕ್ಕೊಳ್ಳತೈತಿ ಅನ್ನೂದಕ್ಕ ಇದಕ್ಕಿಂತ ಸ್ಪಷ್ಟ ಪುಸ್ತಕ ನನಗ ಗೊತ್ತಿಲ್ಲ. ‘ಜನಪ್ರಿಯ ಕಾದಂಬರಿ’ ಅಂತ ಮೂಗ ಮುರಿಯೂ ಮಂದಿ ಇದನ್ನ ಶಿಕಾರಿ ಮಗ್ಗಲಿಗೆ ಇಟ್ಟು ಓದಲಿ. ಅಲ್ಲಿ ನಾಗಪ್ಪಗ ಎಲ್ಲಾರೂ ತನ್ನ ನೋಡಾಕತ್ತಾರ ಅನ್ನೂ ಭ್ರಮಿ, ಇಲ್ಲಿ ಕಾವೇರಿನ್ನ ಖರೇನ ಎಲ್ಲಾರೂ ನೋಡಾಕತ್ತಾರ.

ಟಿಳಕವಾಡಿ ಓದುಗ
ಭ್ರಮೆ ಎಂದು ತೀರ್ಪು ಕೊಡಬೇಡಿ ಅಕ್ಕಾ, ನಾಗಪ್ಪನ ಹಿಂದೆ ಬಿದ್ದವರೂ ನಿಜವಾಗಿ ಇದ್ದಾರೆ. ಜೋಡಿ ಮಾಡಿ ಓದುವುದು ಮಾತ್ರ ಬಹಳ ಒಳ್ಳೆಯ ಯೋಚನೆ.

ಗುಮ್ಮಟದ ಪಿಸುಮಾತು
ಹಂಗಾದ್ರ ಮುಂದಿನ ತಿಂಗಳು ಶರಪಂಜರ, ಅದರ ಹಿಂದ ಮತ್ತ ಶಿಕಾರಿ. ಬಳಗ ನಡಸೂ ರೀತಿ ಯಾರರ ಹೇಳ್ರಿ. ನಮ್ಮಲ್ಲಿ ಹತ್ತು ಮಂದಿ ಬರ್ತಾರ, ಮಾತು ಎರಡೇ ಮಂದಿ ಆಡ್ತಾರ.

ಇಳಕಲ್ ಸೆರಗು
ಮುನ್ನೂರು ಪುಟದ ಪುಸ್ತಕ ಇದ್ರ ನಾಕು ವಾರ, ವಾರಕ್ಕ ಎಪ್ಪತ್ತೈದು ಪುಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚ್ರಿ, ನಾಯಕ ನಾಯಕಿನ್ನ ಮಾತ್ರ ಯಾರಿಗೂ ಕೊಡಬ್ಯಾಡ್ರಿ, ಅವರ ಸುದ್ದಿ ತಾನಾಗಿ ಬರತೈತಿ. ಸಣ್ಣ ಪಾತ್ರ ಹಿಡದಾಂವ ಪುಸ್ತಕಾನ ಬ್ಯಾರೆ ಬಾಗಲದಿಂದ ನೋಡತಾನ. ‘ಏನಾತು’ ಅನ್ನೂ ಕತಿ ಹೇಳಾಕ ಹತ್ತು ನಿಮಿಷ, ಜಾಸ್ತಿ ಇಲ್ಲ. ಲೇಖಕರು ಎಲ್ಲಿ ಹುಟ್ಟಿದ್ರು, ಎಷ್ಟು ಪ್ರಶಸ್ತಿ ಬಂತು ಅಂತ ಅರ್ಧಾ ತಾಸು ಹೇಳಾಂವ ಒಬ್ಬಾಂವ ಎಲ್ಲಾ ಬಳಗದಾಗೂ ಇರತಾನ, ಅವಗ ಚಾದ ಜವಾಬ್ದಾರಿ ಕೊಡ್ರಿ. ‘ನನಗ ಇಷ್ಟ ಆತು’ ಅಂದು ಕುಂದರಾರಿಗೆ ಪುಟದ ನಂಬರ್ ಕೇಳ್ರಿ. ಪುಟ ತಗಿಯೂದರಾಗ ಮಾತು ತಾನಾಗಿ ಬರತೈತಿ.

ಬಾದಾಮಿ ಬಂಡಿ
ಕಟ್ಟೀಮನಿಯವರದೂ ಒಂದು ಇರಲಿ ಅಂತ ಬರಕೋರಿ.

ಅಥಣಿ ಹುಡುಗಿ
ಶರಪಂಜರಕ್ಕ ಕಾವೇರಿ ಗಂಡನ ಪಾತ್ರ ಯಾರಿಗೆ ಹಚ್ಚತೀರಿ? ಅದು ಸುಂಟರಗಾಳಿ ಅಣ್ಣಾರಿಗೆ ಕೊಡ್ರಿ, ಸಿಂದಗಿಯಿಂದ ವಿಜಾಪುರ ಏನ್ ದೂರ.

ಸಿಂದಗಿ ಸುಂಟರಗಾಳಿ
ಬರ್ತೀನಿ. ಆದ್ರ ಅವನ ಪರ ವಾದ ಮಾಡಾಂವ ನಾ, ಈಗ ಹೇಳೀನಿ.

ಇಳಕಲ್ ಸೆರಗು
ಮಾಡ್ರಿ. ಪುಟದ ನಂಬರ್ ತಗೊಂಡು ಬರ್ರಿ.